ಗಡಿಯಾರದೋರು

ಕೇಳುವುದನ್ನು ಕಲಿತು ಬರಲಿ ಎಂದು ಸರ್ಕಾರ ನನ್ನನ್ನು ಐದು ದಿನ ಮೈಸೂರಿಗೆ ಕಳಿಸಿತು. ಹತ್ತೊಂಬತ್ತು ವರ್ಷ ನರ್ಸ್ ಕೆಲಸ ಮಾಡಿ, ಲೆಕ್ಕವಿಲ್ಲದಷ್ಟು ಹೆರಿಗೆ ಮಾಡಿಸಿ, ಊರೂರಿನ ಬಾಣಂತಿಯರ ಗೋಳು ಕೇಳಿ ಕೇಳಿ ಕಿವಿ ತೂತಾದ ಮೇಲೆ, ಗುರುಶಾಂತಮ್ಮನಿಗೆ ಕೇಳುವುದಕ್ಕೇ ಬರುವುದಿಲ್ಲ ಎಂದು ಯಾರೋ ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತು ತೀರ್ಮಾನ ಮಾಡಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹೋದೆ. ಐದು ದಿನ ಊಟ ಕೊಡುತ್ತಾರೆ, ಸೊಂಟಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ ಎಂದು ಹೋದೆ.

ಇದು ತೊಂಬತ್ತೆಂಟನೇ ಇಸವಿಯ ಮಾತು. ನಾನು ಹುಟ್ಟಿದ್ದು ಕೆ.ಆರ್. ನಗರದ ಕಡೆ. ಕೆಲಸ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕಂಪಲಾಪುರದಿಂದ ಒಳಕ್ಕೆ ಹೋದರೆ ಸಿಗುವ ಒಂದು ಆರೋಗ್ಯ ಕೇಂದ್ರದಲ್ಲಿ. ಒಬ್ಬ ಡಾಕ್ಟರು, ಒಂದು ಔಷಧಿ ಕಿಟಕಿ, ಸುತ್ತ ಹೊಗೆಸೊಪ್ಪಿನ ಹೊಲ. ಪ್ರತಿ ಕೇಂದ್ರದಿಂದ ಒಬ್ಬರು ತರಬೇತಿಗೆ ಬರಲೇಬೇಕು ಎಂದು ಸುತ್ತೋಲೆ ಬಂದಾಗ ಡಾಕ್ಟರು ಅದನ್ನು ಓದಿ ನನ್ನ ಕಡೆ ತಳ್ಳಿದರು. "ನೀವೇ ಹೋಗಿಬನ್ನಿ ಸಿಸ್ಟರ್, ಮಾತಿನ ಕೆಲಸವಂತೆ," ಅಂದರು. ನನ್ನ ಬಾಯಿ ಎಂಥದೆಂದು ಅವರಿಗೆ ಗೊತ್ತಿತ್ತು.

ತರಬೇತಿ ಕೊಟ್ಟ ಮೇಡಂ ತೆಳ್ಳಗೆ, ದಪ್ಪ ಕನ್ನಡಕದ, ಯಾರನ್ನೂ ಗದರಿಸದ ಹೆಂಗಸು. ನಿಮ್ಮಲ್ಲಿಗೆ ಬರುವ ಹತ್ತು ಜನರಲ್ಲಿ ಮೂವರಿಗೆ ನೋವಿರುವುದು ಮೈಯಲ್ಲಲ್ಲ, ಮನಸ್ಸಿನಲ್ಲಿ. ಅವರಿಗೆ ಬೇಕಾದ್ದು ಸೂಜಿಯಲ್ಲ, ಹತ್ತು ನಿಮಿಷ, ಅಂದರು. ನಮ್ಮ ಡಾಕ್ಟರು ಹತ್ತು ನಿಮಿಷದಲ್ಲಿ ಹದಿನೈದು ಜನರನ್ನು ನೋಡಿ ಕೈ ತೊಳೆಯುತ್ತಾರೆ ಎಂದು ನಾನು ಎದ್ದು ನಿಂತು ಹೇಳಿದೆ. ಎಲ್ಲರೂ ನಕ್ಕರು, ಮೇಡಂ ಕೂಡ. ಮೊದಲು ಅವರನ್ನು ಕೂರಿಸಿ, ನೀವೂ ಕೂರಿ, ಅಂದರು. ನಡುವೆ ಬಾಯಿ ಹಾಕದೆ ಕೇಳಿ. ಕೇಳಿದ್ದನ್ನು ಒಂದು ಮಾತಿನಲ್ಲಿ ತಿರುಗಿಸಿ ಅವರಿಗೇ ಹೇಳಿ, ಆಗ ತಮ್ಮ ಮಾತು ತಲುಪಿತು ಎಂದು ಅವರಿಗೆ ಗೊತ್ತಾಗುತ್ತದೆ. ಆಮೇಲೆ ಎಲ್ಲ ಕಷ್ಟವನ್ನೂ ಒಟ್ಟಿಗೆ ಎಳೆಯದೆ ಒಂದನ್ನು ಆರಿಸಿ, ಮುಂದಿನ ವಾರದೊಳಗೆ ಮಾಡಬಹುದಾದ ಒಂದು ಸಣ್ಣ ಕೆಲಸ ಯಾವುದು ಎಂದು ಇಬ್ಬರೂ ಕೂಡಿ ಯೋಚಿಸಿ. ಇಷ್ಟೇ. ಮೂರನೇ ದಿನದ ಹೊತ್ತಿಗೆ ಆ ಮೇಡಂ ನನಗೆ ಇಷ್ಟವಾಗಿಬಿಟ್ಟಿದ್ದರು, ಸುಳ್ಳೇಕೆ ಹೇಳಲಿ.

ಇಬ್ಬಿಬ್ಬರನ್ನು ಜೋಡಿ ಮಾಡಿ ಅಭ್ಯಾಸ ಮಾಡಿಸಿದರು. ನನ್ನ ಜೋಡಿಗೆ ಬಂದವನು ಸೋಮಶೇಖರ್, ನಮ್ಮ ಪಕ್ಕದ ಏರಿಯಾದ ಆರೋಗ್ಯ ಸಹಾಯಕ. ಮಲೇರಿಯಾ ರಕ್ತ ತೆಗೆಯುವುದಕ್ಕೆ ಸೈಕಲ್ಲಿನಲ್ಲಿ ಊರೂರು ತಿರುಗುವವನು, ಎಲ್ಲರಿಗೂ ಬೇಕಾದವನು, ತಮಾಷೆ ಮಾಡದೆ ನೀರು ಕೂಡ ಕುಡಿಯದವನು. ಅವನು ರೋಗಿಯ ವೇಷ ಹಾಕಿ, "ನನ್ನ ಎಂಡ್ರು ನನ್ನ ಮಾತಾಡ್ಸಾಕಿಲ್ಲ ಕಣ್ರೀ ಸಿಸ್ಟರ್," ಎಂದು ಸುಳ್ಳು ಅಳು ಅತ್ತ. "ಪುಣ್ಯವಂತೆ," ಅಂದೆ ನಾನು. ಮೇಡಂ ಅದನ್ನು ಒಪ್ಪಲಿಲ್ಲ.

ವಾಪಸು ಬಂದು ಕಲಿತದ್ದನ್ನು ಮೊದಲು ಪ್ರಯೋಗ ಮಾಡಿದ್ದು ಮಂಡಿನೋವಿನ ಮುದುಕ ದೊಡ್ಡಮಾದಯ್ಯನ ಮೇಲೆ. ಲಸಿಕೆ ಪೆಟ್ಟಿಗೆ ಇಡುವ ಕೋಣೆಯಲ್ಲಿ ಎರಡು ಸ್ಟೂಲ್ ಹಾಕಿ ಕೂರಿಸಿದೆ.

"ಮಂಡಿ ನೋವು ಕಣವ್ವ," ಅಂದ.

"ಅಂದರೆ ನಿಮಗೆ ಮಂಡಿ ನೋಯ್ತಾ ಇದೆ."

"ಊಂ. ರಾತ್ರಿಯೆಲ್ಲ ನಿದ್ದೆ ಇಲ್ಲ."

"ರಾತ್ರಿಯೆಲ್ಲ ನಿದ್ದೆ ಇಲ್ಲ ಅಂತೀರಿ."

ಮುದುಕ ನನ್ನನ್ನು ದುರುಗುಟ್ಟಿ ನೋಡಿದ. "ಏನವ್ವ, ಅಣಕುಸ್ತೀಯಾ? ನಿನ್ ಮಗಳ ವಯಸ್ಸಿನ್ ಮೊಮ್ಮಗಳವ್ಳೆ ನಂಗೆ," ಎಂದು ಕೋಲು ಊರಿಕೊಂಡು ಎದ್ದೇ ಹೋದ. ನಮ್ಮ ಕಡೆ ಒಬ್ಬರ ಮಾತನ್ನು ಅವರಿಗೇ ತಿರುಗಿಸಿ ಹೇಳಿದರೆ ಅದಕ್ಕೆ ಇರುವುದು ಒಂದೇ ಅರ್ಥ ಎಂದು ಆ ಮೇಡಂಗೆ ಯಾರೂ ಹೇಳಿರಲಿಲ್ಲ. ಆಮೇಲೆ ನಾನೇ ಹದ ಕಂಡುಕೊಂಡೆ. ಕೇಳಿದ್ದನ್ನು ಹಾಗೇ ತಿರುಗಿಸದೆ, ಸ್ವಲ್ಪ ತಡೆದು, "ಬಾಳ ದಿನದಿಂದ ತಡ್ಕಂಡಿದೀರಿ ಬುಡಿ," ಅಂದರೆ ಜನ ಬಾಯಿ ಬಿಡುತ್ತಿದ್ದರು.

ಹಾಗೆ ಬಾಯಿ ಬಿಟ್ಟವಳು ಯಶೋದ.

ಪ್ರತಿ ಸೋಮವಾರ ಬರುತ್ತಿದ್ದಳು. ಇಪ್ಪತ್ತೆಂಟರ ಹೆಂಗಸು, ಮೂರು ಹೆಣ್ಣುಮಕ್ಕಳ ತಾಯಿ. ಅವಳ ಊರು ನನ್ನ ಏರಿಯಾಕ್ಕೆ ಸೇರಿದ್ದಲ್ಲ, ಸೋಮಶೇಖರನದು; ಅಲ್ಲಿಂದ ನಾಲ್ಕು ಮೈಲಿ ನಡೆದು ಬರುತ್ತಿದ್ದಳು. ತಲೆನೋವು, ಎದೆ ಡವಡವ, ಕೈಕಾಲು ಜೋಮು, ಅಂಗಾಲು ಉರಿ. ಡಾಕ್ಟರು ತಲೆ ಎತ್ತದೆ ಶಕ್ತಿಯ ಕೆಂಪು ಸೂಜಿ ಬರೆಯುತ್ತಿದ್ದರು, ನಾನು ಚುಚ್ಚುತ್ತಿದ್ದೆ, ಅವಳು ಸೆರಗಿನಲ್ಲಿ ಒತ್ತಿಕೊಂಡು ಹೋಗುತ್ತಿದ್ದಳು. ಒಂದು ವರ್ಷದಿಂದ ಇದೇ ನಡೆದಿತ್ತು. ಒಂದು ಸೋಮವಾರ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ.

"ಯಾಕವ್ವ, ಸೂಜಿ ಕಾಲಿ ಆಗದಾ?" ಅಂದಳು.

"ಅದೆ. ಮೊದ್ಲು ಒಂದ್ಗಳಿಗೆ ಮಾತಾಡಾಣ."

"ಮಾತಾಡಕೆ ಏನದೆ? ತಲೆ ನೋಯ್ತದೆ."

"ಯಾವಾಗ ನೋಯ್ತದೆ?"

ಅವಳು ಯೋಚನೆ ಮಾಡಿದಳು. ಅಷ್ಟು ದಿನ ಅವಳನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. "ನಮ್ ಗಡಿಯಾರದೋರು ಮನೆಗ್ ಬಂದಾಗ," ಅಂದಳು.

ಗಂಡನ ಹೆಸರು ಹೇಳದ ಹೆಂಗಸರು ನಮ್ಮ ಕಡೆ ಇನ್ನೂ ಇದ್ದಾರೆ. ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದಂತೆ. 'ನಮ್ಮನೆಯೋರು' ಅನ್ನುತ್ತಾರೆ, 'ಇವಳಪ್ಪ' ಅನ್ನುತ್ತಾರೆ. ಇವಳು ಗಡಿಯಾರದೋರು ಅಂದಳು. ಹೊತ್ತಿಗೆ ಸರಿಯಾಗಿ ತಟ್ಟೆ ಮುಂದೆ ಬರಬೇಕು ಅನ್ನುವ ಗಂಡಸಿರಬೇಕು, ಅದಕ್ಕೆ ಚೇಷ್ಟೆಗೆ ಹಾಗನ್ನುತ್ತಾಳೆ ಎಂದುಕೊಂಡು ನಾನು ಒಳಗೇ ನಕ್ಕೆ. ಏಕೆ ಎಂದು ಕೇಳಲಿಲ್ಲ.

ಮೊದಲ ವಾರ ಅತ್ತೆಯ ಮಾತು ಬಂತು. ಎರಡನೇ ವಾರ ಸುಮ್ಮನೆ ಅತ್ತಳು. ಮೂರನೇ ವಾರ ಕೋಣೆಯ ಬಾಗಿಲು ತಾನೇ ಮುಂದಕ್ಕೆ ಹಾಕಿ ಬಂದು ಕೂತಳು.

"ಮೂರ್ನೇದು ಎತ್ತಾಗ ಮೈಸೂರಲ್ಲಿ ಎರಡ್ ಬಾಟ್ಲಿ ರಕ್ತ ಆಕುದ್ರು ಕಣವ್ವ. ಇನ್ನೊಂದ್ ಎತ್ರೆ ನೀನ್ ಉಳಿಯಾಕಿಲ್ಲ ಅಂದ್ರು ಡಾಕ್ಟ್ರಮ್ಮ. ಆಪ್ರೇಸನ್‌ಗೆ ನಮ್ ಗಡಿಯಾರದೋರು ಒಪ್ನಿಲ್ಲ. ಗಂಡ್ ಆಗಾಗಂಟ ಬ್ಯಾಡ ಅಂದ್ರು. ಅದ್ಕೇ ಬಾಣಂತನಕ್ಕೆ ತವರಲ್ಲಿದ್ದಾಗ ನಮ್ಮಕ್ಕನ್ ಜೊತೇಲಿ ಓಗಿ ಮಕ್ಳಾಗ್ದಂಗೆ ಕಾಪರ್ಟಿ ಆಕುಸ್ಕಂಡ್ ಬಂದೆ. ಮೂರ್ ವರ್ಸ ಆಯ್ತು. ಅವ್ರಿಗ್ ಗೊತ್ತಿಲ್ಲ."

ಅತ್ತೆ ಗಂಡುಮಗುವಿಗೆಂದು ಬೆಳಗ್ಗೆ ಬೆಳಗ್ಗೆ ನಾಟಿ ಪುಡಿ ತಿನ್ನಿಸುತ್ತಿದ್ದಳಂತೆ. ಇವಳು ಕಣ್ಣುಮುಚ್ಚಿ ನುಂಗುತ್ತಿದ್ದಳಂತೆ. ಹರಕೆಗಳೂ ಮುಗಿದಿದ್ದವು. ಈಗ ಹೊಸ ಮಾತು ಹುಟ್ಟಿತ್ತು. ಯುಗಾದಿಯೊಳಗೆ ನೀರು ನಿಂತು ಬಸುರಾಗದಿದ್ದರೆ ಇವಳ ಚಿಕ್ಕಪ್ಪನ ಮಗಳನ್ನೇ ಎರಡನೆಯವಳಾಗಿ ತರುವುದೆಂದು ಗಂಡ ತೀರ್ಮಾನಿಸಿದ್ದ. ತೆಗೆಸಿದರೆ ಜೀವ ಹೋಗುತ್ತದೆ, ತೆಗೆಸದಿದ್ದರೆ ಸವತಿ ಬರುತ್ತಾಳೆ. ಈ ಎರಡರ ಮಧ್ಯೆ ಸಿಕ್ಕಿಕೊಂಡವಳ ತಲೆನೋವಿಗೆ ನಾವು ವರ್ಷವಿಡೀ ಸೊಂಟಕ್ಕೆ ಸೂಜಿ ಚುಚ್ಚಿದ್ದೆವು.

"ಮೂರ್ ವರ್ಸದಿಂದ ಒಬ್ಳೇ ಹೆದರ್ಕಂಡಿದ್ದೀಯ," ಅಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಆವತ್ತು ಸೂಜಿ ಬೇಡ ಅಂದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವಳ ನೋವು ಇಳಿಯಿತೆಂದೋ, ನನ್ನ ವಿದ್ಯೆ ಫಲಿಸಿತೆಂದೋ ಎಂದು ಆವತ್ತು ಯಾರಾದರೂ ಕೇಳಿದ್ದರೆ ಮೊದಲನೆಯದೇ ಎಂದು ಆಣೆ ಮಾಡುತ್ತಿದ್ದೆ.

ಮೇಡಂ ಹೇಳಿಕೊಟ್ಟಂತೆ ಒಂದು ಸಣ್ಣ ಕೆಲಸ ಯಾವುದು ಎಂದು ಇಬ್ಬರೂ ಕೂತು ಯೋಚಿಸಿದೆವು. ಗಂಡ ಹೆಂಡತಿಯ ಮಾತು ಕೇಳುವುದಿಲ್ಲ, ಡಾಕ್ಟರ ಮಾತು ಕೇಳಬಹುದು. ಮೈಸೂರಿನ ಆಸ್ಪತ್ರೆಯ ಚೀಟಿ ಅವಳ ಅಕ್ಕನ ಮನೆಯಲ್ಲಿತ್ತು, ತರಿಸಿದೆವು. ಬಿ.ಪಿ. ನೋಡುವ ನೆಪದಲ್ಲಿ ಗಂಡನನ್ನು ಕರೆಸುವುದು, ಚೀಟಿ ತೋರಿಸಿ, ಇನ್ನೊಂದು ಹೆರಿಗೆಯಾದರೆ ಈಕೆ ಉಳಿಯುವುದಿಲ್ಲ ಎಂದು ಡಾಕ್ಟರೇ ಹೇಳುವುದು. ಕಾಪರ್ ಟಿ ಮಾತೇ ಎತ್ತುವುದಿಲ್ಲ. ಡಾಕ್ಟರನ್ನು ಒಪ್ಪಿಸಲು ನನಗೆ ಎರಡು ದಿನ ಹಿಡಿಯಿತು. ಗಂಡ ಸೋಮವಾರ ಬರುತ್ತೇನೆ ಎಂದು ಹೇಳಿ ಕಳಿಸಿದ. ಯಶೋದ ಹಿಂದಿನ ಗುರುವಾರ ಬಂದು, "ನೀವಿರ್ತೀರಲ್ವಾ ಅವ್ವ ಆವತ್ತು?" ಎಂದು ಎರಡು ಸಲ ಕೇಳಿಕೊಂಡು ಹೋದಳು.

ಆ ಸೋಮವಾರಕ್ಕೆ ಮೊದಲು ಶನಿವಾರ ಬಂತು. ತರಬೇತಿ ಪಡೆದವರೆಲ್ಲ ಹುಣಸೂರಿನಲ್ಲಿ ಸೇರಬೇಕು, ಒಬ್ಬೊಬ್ಬರೂ ತಾವು ನೋಡಿದ ಒಂದು ಕೇಸ್ ಹೇಳಬೇಕು ಎಂದು ಕಾಗದ ಬಂದಿತ್ತು. ರೋಗಿಯ ಹೆಸರು, ಊರು ಹೇಳಕೂಡದು. ಆದರೆ ಅವರು ಆಡಿದ ಮಾತನ್ನು ಅವರು ಆಡಿದ ಹಾಗೆಯೇ ಬರೆದುಕೊಂಡು ಬನ್ನಿ ಎಂದು ಮೇಡಂ ಮೊದಲೇ ತಾಕೀತು ಮಾಡಿದ್ದರು. ನಾನು ನಾಲ್ಕು ಪುಟ ಬರೆದೆ. ಹೆಸರು ತೆಗೆದೆ, ಊರು ತೆಗೆದೆ, ತಾಲ್ಲೂಕು ಕೂಡ ತೆಗೆದೆ. ಅಷ್ಟು ಜೋಪಾನ ಮಾಡಿದವಳು ನಾನು.

ನಲವತ್ತು ಜನ ಕೂತಿದ್ದರು. ಬೇರೆಯವರು ನಿದ್ದೆ ಬಾರದ ಮುದುಕರ ಕಥೆ, ಕುಡುಕರ ಕಥೆ ಹೇಳಿ ಇಳಿದರು. ನಾನು ಶುರು ಮಾಡಿದ ಮೇಲೆ ಹಿಂದಿನ ಸಾಲಿನವರೂ ಮುಂದಕ್ಕೆ ಬಾಗಿದರು. ನನಗೆ ಕಥೆ ಹೇಳಲು ಬರುತ್ತದೆ, ಅದು ನನ್ನ ಹುಟ್ಟುಗುಣ. ಯಶೋದನ ದನಿಯಲ್ಲೇ, "ನಮ್ ಗಡಿಯಾರದೋರು ಮನೆಗ್ ಬಂದಾಗ," ಅಂದೆ. ಜನ ನಕ್ಕರು. ನಕ್ಕರಲ್ಲ ಎಂದು ಮುಂದೆಯೂ ಎಲ್ಲೆಲ್ಲಿ ಗಂಡನ ಮಾತು ಬಂತೋ ಅಲ್ಲೆಲ್ಲ ಗಡಿಯಾರದೋರು, ಗಡಿಯಾರದೋರು ಎಂದು ಎಳೆದೆಳೆದು ಹೇಳಿದೆ. ಕಾಪರ್ ಟಿ ವಿಷಯಕ್ಕೆ ಬಂದಾಗ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಮುಗಿಸಿದಾಗ ಚಪ್ಪಾಳೆ. ಹತ್ತೊಂಬತ್ತು ವರ್ಷದಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ ಅದು. "ಗಂಡನನ್ನು ಗಡಿಯಾರದೋರು ಅಂತಾಳಲ್ಲ, ನೋಡಿ, ಇಂಥ ಮಾತನ್ನು ಹಿಡಿಯಬೇಕು," ಎಂದು ಮೇಡಂ ಎಲ್ಲರಿಗೂ ಹೇಳಿದರು. ಮೂರನೇ ಸಾಲಿನಲ್ಲಿ ಸೋಮಶೇಖರ್ ಎಲ್ಲರಿಗಿಂತ ಸ್ವಲ್ಪ ಹೆಚ್ಚಾಗಿಯೇ ನಕ್ಕಿದ್ದ. ಅದನ್ನೂ ನಾನು ಮೆಚ್ಚುಗೆ ಎಂದೇ ತೆಗೆದುಕೊಂಡೆ.

ಗಡಿಯಾರದೋರು ಅನ್ನುವುದು ಚೇಷ್ಟೆಯ ಮಾತಾಗಿರಲಿಲ್ಲ. ಅವಳ ಮಾವ ಒಂದು ಕಾಲದಲ್ಲಿ ನಮ್ಮ ತಾಲ್ಲೂಕಿನ ಕೊಪ್ಪದಲ್ಲಿ, ಅಲ್ಲಿ ನೆಲೆನಿಂತ ಟಿಬೆಟಿನವನೊಬ್ಬನ ಕೈಯಿಂದ ದೊಡ್ಡ ಗೋಡೆ ಗಡಿಯಾರ ಕೊಂಡು ತಂದಿದ್ದನಂತೆ. ಆ ಊರಿಗೆಲ್ಲ ಅದೇ ಮೊದಲ ಗಡಿಯಾರ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಹಾಕುವವರೆಲ್ಲ ಆ ಮನೆಗೆ ಬಂದು ಗಂಟೆ ಕೇಳಿಕೊಂಡು ಹೋಗುತ್ತಿದ್ದರಂತೆ. ಅಂದಿನಿಂದ ಅದು ಗಡಿಯಾರದ ಮನೆ, ಅವರು ಗಡಿಯಾರದೋರು. ಗಂಡನ ಹೆಸರು ನಂಜಣ್ಣ. ಆ ಕಡೆ ನಂಜಣ್ಣ ಎಂದು ಕೂಗಿದರೆ ಹದಿನಾಲ್ಕು ಜನ ತಿರುಗಿ ನೋಡುತ್ತಾರೆ. ಗಡಿಯಾರದೋರು ಅಂದರೆ ಒಬ್ಬನೇ. ನಾನು ಆ ವೇದಿಕೆಯ ಮೇಲೆ ನಿಂತು ನಂಜಣ್ಣ, ನಂಜಣ್ಣ ಎಂದು ನೂರು ಸಲ ಕೂಗಿದ್ದರೂ ಅವಳಿಗೆ ಏನೂ ಆಗುತ್ತಿರಲಿಲ್ಲ. ಹೆಸರು ಹೇಳಬಾರದು ಎಂದು ಅವಳು ಇಟ್ಟುಕೊಂಡ ಮಾತನ್ನೇ, ಹೆಸರು ಹೇಳಬಾರದು ಎಂದು ನಾನೂ ಇಟ್ಟುಕೊಂಡೆ. ಆ ಕಡೆಯ ಎರಡು ಊರು ಸುತ್ತಿದ್ದರೂ ನನಗೆ ಇದು ಗೊತ್ತಿರುತ್ತಿತ್ತು. ಅವಳನ್ನೇ ಒಂದು ಮಾತು ಕೇಳಿದ್ದರೂ ಗೊತ್ತಾಗುತ್ತಿತ್ತು.

ಭಾನುವಾರ ಕೊಪ್ಪದಲ್ಲಿ, ಟೀ ಅಂಗಡಿಯ ಮುಂದೆ, ಹತ್ತು ಜನರ ಎದುರಿಗೆ ಸೋಮಶೇಖರ್ ನಂಜಣ್ಣನನ್ನು ಕಂಡವನೇ ಕೇಳಿದನಂತೆ: "ಏನ್ ಗಡಿಯಾರದೋರೆ, ನಿಮ್ಮನೆ ಗಡಿಯಾರ ನಡೀದಂಗೆ ಎಂಡ್ರು ಒಳಗೆ ಕಡ್ಡಿ ಇಟ್ಟವ್ಳಂತೆ?"

ಇದನ್ನು ಅವನೇ ಆಮೇಲೆ ನನಗೆ ಹೇಳಿದ. "ತಮಾಸೆಗಂದೆ ಕಣ್ರೀ ಸಿಸ್ಟರ್. ಅವ್ರಿಗ್ ಗೊತ್ತಿರ್ತದೆ ಅಂದ್ಕಂಡಿದ್ದೆ," ಎಂದು ಮುಖ ಸಪ್ಪಗೆ ಮಾಡಿದ. ಗೊತ್ತಿಲ್ಲ ಎಂದು ನಾನು ವೇದಿಕೆಯ ಮೇಲೆ ಬಿಡಿಸಿ ಬಿಡಿಸಿ ಹೇಳಿದ್ದೆ. ಅವನಿಗೆ ನಗುವಿನ ಗಲಾಟೆಯಲ್ಲಿ ಅದು ಕೇಳಿಸಿರಲಿಲ್ಲ. ಕೇಳುವುದನ್ನು ಕಲಿತು ಬಂದವರು ನಾವು. ಅವನ ಜನ್ಮ ಜಾಲಾಡಬೇಕು ಎಂದು ಬಾಯಿ ತೆರೆದೆ. ಅವನು ಹೇಳಿದ್ದು ಹತ್ತು ಜನರಿಗೆ, ನಾನು ಹೇಳಿದ್ದು ನಲವತ್ತು ಜನರಿಗೆ. ಬಾಯಿ ಮುಚ್ಚಿಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನ ಅವ್ವ ಅನ್ನುತ್ತಿದ್ದಳು. ಮುತ್ತು ನನ್ನದಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು.

ಸೋಮವಾರ ನಂಜಣ್ಣ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಕೂಗಾಡುವ ಜಾತಿಯವನಲ್ಲ. ಯಶೋದ ಅವನ ಹಿಂದೆ ನಿಂತಿದ್ದಳು. ಅವಳ ಬಲಗೈಯಲ್ಲಿ ಒಂದು ಬಳೆಯೂ ಇರಲಿಲ್ಲ. ಏನಾಗಿದೆ ಎಂದು ನನಗೆ ಇನ್ನೂ ಗೊತ್ತಿರಲಿಲ್ಲ, ನಗುತ್ತಾ ಬೆಂಚು ತೋರಿಸಿದೆ. ಅವಳು ನನ್ನ ಮುಖ ನೋಡಲಿಲ್ಲ.

ಡಾಕ್ಟರು ಒಪ್ಪಿಕೊಂಡಂತೆ ಚೀಟಿ ತೆಗೆದರು. ನಂಜಣ್ಣ ಕೈ ಅಡ್ಡ ಮಾಡಿದ.

"ಅದಿರ್ಲಿ ಬುಡಿ ಸಾರ್. ಮೊದ್ಲು ಒಳಗಿರೋದ್ನ ತೆಗ್ಸಿ."

ಆಮೇಲೆ ಡಾಕ್ಟರು ನಿಧಾನವಾಗಿ, ಹೆರಿಗೆಯ ಅಪಾಯ, ರಕ್ತ, ಎಲ್ಲವನ್ನೂ ಹೇಳಿದರು. ಅವರು ಸರಿಯಾಗಿಯೇ ಹೇಳಿದರು.

"ನಮ್ಮವ್ವ ಒಂಬತ್ತು ಎತ್ತವ್ಳೆ, ಆಸ್ಪತ್ರೆ ಮೆಟ್ಲು ಅತ್ನಿಲ್ಲ," ಅಂದ ನಂಜಣ್ಣ. ಆಮೇಲೆ ಮೇಜಿನ ಮೇಲೆ ಕೈ ಊರಿದ. "ನನ್ ಎಂಡ್ರು ಒಟ್ಟೇಲಿ ಏನದೆ ಅಂತ ನಂಗೆ ಟೀ ಅಂಗ್ಡೀಲಿ ಗೊತ್ತಾಗ್ಬೇಕಾ ಸಾರ್? ಉಣಸೂರಿನ ಮೀಟಿಂಗಲ್ಲಿ ಜನ ಚಪ್ಪಾಳೆ ಒಡುದ್ರಂತೆ. ನಿಮ್ ನರ್ಸಮ್ಮ ನನ್ ಎಂಡ್ರಂಗೇ ಮಾತಾಡ್ ತೋರುಸುದ್ರಂತೆ."

ಡಾಕ್ಟರು ನನ್ನ ಕಡೆ ತಿರುಗಿದರು. ನಂಜಣ್ಣನ ಕಣ್ಣಲ್ಲಿ ನೀರು ತುಂಬಿತ್ತು, ಅದು ಸಿಟ್ಟಿನದೋ ಅವಮಾನದ್ದೋ ಹೇಳಲಾರೆ. ಬರುತ್ತೇನೆ ಎಂದು ಹೇಳಿ ಕಳಿಸಿದಾಗ ಅವನು ನಮ್ಮ ಮಾತು ಕೇಳಬಹುದಾಗಿದ್ದ ಗಂಡಸು. ಅವನನ್ನು ಕೇಳಿಸಿಕೊಳ್ಳದವನನ್ನಾಗಿ ಮಾಡಿದವಳು ನಾನು.

"ಅವರವರ ಸಂಸಾರ ಸಿಸ್ಟರ್," ಅಂದರು ಡಾಕ್ಟರು, ಚೀಟಿಯನ್ನು ಮಡಚಿ. "ಒಪ್ಪಿಗೆ ಬರೆಸಿಕೊಂಡು ತೆಗೆದುಬಿಡಿ."

"ಸತ್ತರೆ ಯಾರು ಹೊಣೆ?" ಎಂದು ಕೂಗಿದೆ.

"ನೀವ್ ಒಣೆ ಒತ್ಕಂಡಿದ್ದು ಕಂಡಿವ್ನಿ ಬುಡಿ," ಅಂದ ನಂಜಣ್ಣ.

"ಅವಳು ಹೇಳಲಿ. ಅವಳು ಹೇಳದೆ ನಾನು ಮುಟ್ಟುವುದಿಲ್ಲ."

ನಂಜಣ್ಣ ಹಿಂದಕ್ಕೆ ತಿರುಗಲೂ ಇಲ್ಲ. ಯಶೋದ ನೆಲ ನೋಡಿಕೊಂಡೇ, "ತೆಗೀರಿ ಕಣವ್ವ," ಅಂದಳು.

ಒಳಗೆ ಕರೆದುಕೊಂಡು ಹೋಗಿ ಪರದೆ ಎಳೆದೆ. ಅವಳು ತಾನೇ ಮೇಜು ಹತ್ತಿ ಮಲಗಿದಳು. ನಾನು ಅವಳ ಕಿವಿಯ ಹತ್ತಿರ ಬಾಗಿದೆ. ನನ್ನ ತಲೆ ತಿಳಿಯಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕೆಲಸ ಹೋದರೆ ಹೋಗಲಿ ಅನ್ನಿಸಿತ್ತು.

"ಯಶೋದ, ನಾನ್ ತೆಗಿಯಲ್ಲ ಕಣೆ," ಎಂದು ಪಿಸುಗುಟ್ಟಿದೆ. "ತೆಗ್ದೆ ಅಂತ ಹೇಳ್ತೀನಿ. ಸ್ಟೋರಲ್ಲಿ ಬೇರೇದು ಅದೆ, ಅದ್ನ ತಟ್ಟೇಲಿಟ್ಟು ನಿನ್ ಗಂಡನಿಗೆ ತೋರುಸ್ತೀನಿ. ಅವನಿಗೇನ್ ಗೊತ್ತಾಗ್ತದೆ? ಸವತಿ ಬಂದ್ರೂ ಬರ್ಲಿ, ನೀನ್ ಉಳ್ಕತೀಯ. ಮೂರ್ ಮಕ್ಕಳಿಗೆ ಅವ್ವ ಇರ್ತಾಳೆ."

ಅವಳು ಆವತ್ತು ಮೊದಲ ಸಲ ನನ್ನ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು. ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈದಿದ್ದರೆ, ಮುಖಕ್ಕೆ ಉಗಿದಿದ್ದರೆ ಒರೆಸಿಕೊಳ್ಳುತ್ತಿದ್ದೆ. ಅವಳು ಮಗುವಿಗೆ ತಿಳಿಹೇಳುವ ಹಾಗೆ, ಮೆಲ್ಲಗೆ ಹೇಳಿದಳು.

"ಬ್ಯಾಡ ಕಣವ್ವ. ಇದ್ನೂ ಇನ್ನೊಂದ್ ಮೀಟಿಂಗಲ್ಲಿ ಏಳ್ಬುಡ್ತೀರಿ."

ನನ್ನ ಮಕ್ಕಳ ಮೇಲೆ ಆಣೆ ಇಟ್ಟೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿ, ಬೇಗ ಆಗಲಿ ಅನ್ನುವ ಹಾಗೆ ಕೈ ಆಡಿಸಿದಳು. ನಾನು ಗ್ಲೌಸ್ ಹಾಕಿಕೊಂಡೆ. ತೆಗೆದೆ.